ಎತ್ತಿದರೆ ಬರಬೇಕಾದ ಕಪಾಟು

ನನ್ನ ಅಣ್ಣ ಗದಿಗೆಪ್ಪನಿಗೆ ಹೆದರುವುದೇ ಮುಖ್ಯ ನೌಕರಿ, ಟೈಪಿಂಗು ಅದರ ಜೊತೆಗಿನದು. ಮುಂಬಯಿಯ ಫೋರ್ಟಿನ ಒಬ್ಬ ವಕೀಲರ ಆಫೀಸಿನಲ್ಲಿ ದಿನವಿಡೀ ಅವನು ಟೈಪು ಮಾಡುತ್ತಿದ್ದದ್ದು ಬಾಡಿಗೆದಾರರಿಗೆ ಮನೆ ಬಿಡಿಸುವ ನೋಟೀಸು. ಯಾರೋ ಮಾಲೀಕನನ್ನು ಕೇಳದೆ ಅಡುಗೆಮನೆಯಲ್ಲಿ ಕಟ್ಟೆ ಕಟ್ಟಿಸಿದರು, ಯಾರೋ ಅಟ್ಟ ಹಾಕಿಸಿದರು, ಅಷ್ಟು ಸಾಕು, ಕೇಸು ಬೀಳುತ್ತಿತ್ತು. ಸಂಜೆ ಮನೆಗೆ ಬಂದವನು ಮೊದಲು ನಮ್ಮ ಗೋಡೆಗಳನ್ನು ನೋಡುತ್ತಿದ್ದ, ಆಮೇಲೆ ನಮ್ಮ ಮುಖ.

ನಮ್ಮದು ಬೈಕುಲ್ಲಾದ ಒಂದು ಚಾಳಿನಲ್ಲಿ ಒಂದು ಖೋಲಿ, ಅದಕ್ಕೆ ಹತ್ತಿಕೊಂಡ ಅಡುಗೆಮನೆ. ಚಾಳಿನ ಮಾಲೀಕ ಅಣ್ಣನ ಸಾಹೇಬರ ಕಕ್ಷಿದಾರ, ಅವರ ಮಾತಿನ ಮೇಲೆ ಪಗಡಿ ಎಂಬ ಮುಂಗಡ ಹಣವಿಲ್ಲದೆ ಸಿಕ್ಕ ಜಾಗ. ಅದೊಂದು ಕೈತಪ್ಪಿದರೆ ಮುಂಬಯಿಯಲ್ಲಿ ನಮಗೆ ನಿಲ್ಲಲು ನೆಲೆಯಿಲ್ಲ. ಇದ್ದವರು ಮೂವರು: ಅಣ್ಣ, ಅವನ ಹೆಂಡತಿ ಬಸಲಿಂಗವ್ವ, ಮತ್ತು ಅವ್ವ ತೀರಿಕೊಂಡ ಮೇಲೆ ಇವರ ಮಡಿಲಿಗೆ ಬಿದ್ದ ತಂಗಿ ನಾನು, ಕಾಶವ್ವ. ಆಗ ನನಗೆ ಹದಿನೇಳು. ಅಣ್ಣನ ಹೆಂಡತಿಯನ್ನು ನಾನು ವೈನಿ ಅನ್ನುತ್ತಿದ್ದೆ. ನನ್ನ ಹಾಸಿಗೆ ಅಡುಗೆಮನೆಯಲ್ಲಿ, ಜೋಳದ ಡಬ್ಬಿಗಳ ಪಕ್ಕ.

ಐವತ್ತಾರನೆಯ ಇಸವಿಯ ಜೂನಿನಲ್ಲಿ ಇಲಿ ನನ್ನ ಹಿಮ್ಮಡಿ ಕಚ್ಚಿತು. ವೈನಿ ಅರಿಸಿನ ಒತ್ತುತ್ತಾ ಅಳುತ್ತಿದ್ದಳು. ಅವಳ ಊರಿನಲ್ಲಿ ಪ್ಲೇಗಿಗೆ ಮನೆಮನೆಗಳೇ ಖಾಲಿಯಾಗಿದ್ದ ಕಥೆ ಕೇಳಿ ಬೆಳೆದವಳು. ಎಂಟು ದಿನ ನನ್ನ ಮೈ ಮುಟ್ಟಿ ಮುಟ್ಟಿ ಜ್ವರ ನೋಡಿದಳು. ಒಂಬತ್ತನೆಯ ದಿನ ಅಣ್ಣನ ಎದುರು ನಿಂತು, "ಕಾಳು ಕಡಿ, ರೊಟ್ಟಿ ಬುಟ್ಟಿ ಎಲ್ಲಾ ಮ್ಯಾಲ ಹೋಗಬೇಕ್ರಿ. ಕಪಾಟ ತರ್ರಿ" ಎಂದಳು.

ಸರಿ, ಬೈಕುಲ್ಲಾದ ಅಂಗಡಿಗಳನ್ನು ಮೂವರೂ ಸುತ್ತಿದೆವು. ಕಾಲುಳ್ಳ ಕಪಾಟು ನೋಡಿದೆವು, ಚೆಂದವಿತ್ತು, ಆದರೆ ಅದನ್ನಿಟ್ಟರೆ ನಾನು ಮಲಗುವ ಜಾಗ ಹೋಗುತ್ತಿತ್ತು. ಕಬ್ಬಿಣದ್ದನ್ನು ಕಂಡು ಅಣ್ಣ ಅದರ ಭಾರಕ್ಕೆ ಚಾಳೇ ಕುಸಿದೀತು ಎಂದು ಹೆದರಿದ. ಗೋಡೆಗೆ ಕಟ್ಟುವ ಕಪಾಟು ಎಂದ ಅಂಗಡಿಯವನ ಮಾತು ಮುಗಿಯುವ ಮೊದಲೇ ಅಣ್ಣ ರಸ್ತೆಯಲ್ಲಿದ್ದ. ಇಂಥ ಗಂಡಸನ್ನು ಕಟ್ಟಿಕೊಂಡು ವೈನಿ ಹೇಗೆ ಬಾಳುತ್ತಾಳೋ ಎಂದು ನನಗೆ ಅಂದು ಸಿಟ್ಟೇ ಬಂದಿತ್ತು.

ಕೊನೆಗೆ ಸಿಕ್ಕವನು ಮೋನಪ್ಪ, ಉಡುಪಿ ಕಡೆಯ ಬಡಗಿ. ಹೋಟೆಲುಗಳಿಗೆ ಮೇಜು, ಕಪಾಟು ಮಾಡಿಕೊಡುವವನು. ಅಣ್ಣನ ಸಂಕಟ ಕೇಳಿ ನಕ್ಕ. "ನಮ್ಮ ಹೋಟ್ಲಿನವರದ್ದೂ ಬಾಡಿಗೆ ಜಾಗವೇ ಅಲ್ವಾ ಮಾರಾಯ್ರೆ? ಗೋಡೆಗೊಂದು ಮರದ ಓರೆ ಪಟ್ಟಿ, ಕಪಾಟಿನ ಬೆನ್ನಿಗೊಂದು ಓರೆ ಪಟ್ಟಿ. ಒಂದರ ಮೇಲೆ ಒಂದು ಕೂತ್ಕೊಳ್ತದೆ. ಎತ್ತಿದ್ರೆ ಕೈಗೆ ಬರ್ತದೆ. ಯಾರು ಕೇಳಿದ್ರೂ ಎತ್ತಿ ತೋರ್ಸಿ."

ಜುಲೈ ಏಳಕ್ಕೆ ಕಪಾಟು ಬಂತು. ತಂತಿಜಾಳಿಗೆಯ ಎರಡು ಬಾಗಿಲು, ಮೂರು ಅರೆ, ಸಾಗವಾನಿ ವಾಸನೆ. ಪಟ್ಟಿ ಬಿಗಿಯಲು ಮೋನಪ್ಪ ಗೋಡೆಗೆ ನಾಲ್ಕು ತೂತು ಕೊರೆದ. ಉದುರಿದ ಸುಣ್ಣದ ಪುಡಿಯನ್ನು ಅಣ್ಣ ಕಾಗದದಲ್ಲಿ ಬಳಿದು, ಪೊಟ್ಟಣ ಕಟ್ಟಿ, ಟ್ರಂಕಿನಲ್ಲಿ ಇಟ್ಟ. ನಾಳೆ ಯಾರಾದರೂ ಕೇಳಿದರೆ ಅದೇ ಸುಣ್ಣವನ್ನು ಮತ್ತೆ ತುಂಬಬಹುದಲ್ಲ! ಆಮೇಲೆ ಕಪಾಟನ್ನು ಮೂರು ಸಲ ಎತ್ತಿದ, ಮೂರು ಸಲ ಇಳಿಸಿದ. ಅವನ ಮುಖದಲ್ಲಿ ಅಂಥ ಗೆಲುವನ್ನು ನಾನು ಕಂಡಿರಲಿಲ್ಲ.

ವೈನಿಯ ಮುಖ ಮಾತ್ರ ಬಿಳಿಚಿತ್ತು. ಅವಳು ನೋಡುತ್ತಿದ್ದದ್ದು ಕಪಾಟನ್ನಲ್ಲ, ಅದರ ಕೆಳಗೆ ಸುತ್ತಿಟ್ಟ ನನ್ನ ಹಾಸಿಗೆಯನ್ನು.

ಸೋಮವಾರ ಅಣ್ಣ ಆಫೀಸಿಗೆ ಹೋದ ಮೇಲೆ ಕಾರಣ ಹೇಳಿದಳು. ಚಿಕ್ಕಂದಿನಲ್ಲಿ ಅವರ ಮನೆಯ ಗೋಡೆಯ ಹಲಗೆ ಕಳಚಿ, ಕಾಳಿನ ಗಡಿಗೆಗಳ ಸಮೇತ ಅವಳ ತಂಗಿಯ ಮೇಲೆ ಬಿದ್ದಿತ್ತು. ತಂಗಿ ಉಳಿಯಲಿಲ್ಲ. ಆಮೇಲೆ ಅವಳ ಅಪ್ಪ, ಮನೆ ಕಟ್ಟುವ ಗೌಂಡಿ, ಮನೆಯ ಒಂದೊಂದು ಹಲಗೆಯನ್ನೂ ಬೆಲ್ಲದ ಗಾರೆ ಹಾಕಿ ಬಿಗಿದನಂತೆ. ಆ ಗಾರೆ ಕಲಸಿಕೊಟ್ಟವಳು ಇವಳು. "ಎತ್ತಿದ್ರ ಬರೂದು ಎತ್ತದಿದ್ರೂ ಬರತೈತಿ ಕಾಶಿ. ನೀ ಕೆಳಗ ಮಲಗಾಕಿ. ನನಗ ನಿದ್ದಿ ಹತ್ತೂದಿಲ್ಲ."

ಸಿಮೆಂಟು ಪರ್ಮಿಟ್ ಇಲ್ಲದೆ ಸಿಗದ ಕಾಲ ಅದು. ವೈನಿಗೆ ಸಿಮೆಂಟು ಬೇಕೂ ಇರಲಿಲ್ಲ. ಗಲ್ಲಿಯಲ್ಲಿ ಏಳುತ್ತಿದ್ದ ಬಿಲ್ಡಿಂಗಿನಿಂದ ಮರಳು, ಸುಣ್ಣ, ಮಾರ್ಕೆಟಿನಿಂದ ಬಿಲ್ವದ ಕಾಯಿ, ಡಬ್ಬಿಯಿಂದ ಬೆಲ್ಲ. ಎರಡು ದಿನ ಕೊಳೆಸಿ, ರುಬ್ಬುವ ಕಲ್ಲಿನಲ್ಲಿ ಅರೆದು, ಪಟ್ಟಿಗಳ ಸಂದಿಗೂ ಕಪಾಟಿನ ಬೆನ್ನಿಗೂ ಬೆರಳಿನಿಂದ ತುಂಬಿದಳು. ತಟ್ಟೆ ಹಿಡಿದವಳು ನಾನೇ. ಅಣ್ಣನಿಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಳು.

ಅಂದಿನಿಂದ ಹೆದರಿಕೆ ನಮ್ಮಿಬ್ಬರಿಗೂ ಹತ್ತಿಕೊಂಡಿತು. ಪ್ರತಿ ಭಾನುವಾರ ಅಣ್ಣ ತೋಳು ಮಡಚಿ, "ಒಂದ್ ಸಲ ಎತ್ತಿ ನೋಡೂಣು" ಅನ್ನುವನು. "ಡಬ್ಬಿ ತುಂಬ್ಯಾವ್ರಿ, ಮುಂದಿನ ವಾರ ನೋಡ್ರಿ" ಎಂದು ವೈನಿ ಅಡ್ಡ ನಿಲ್ಲುವಳು. ಇಲಿ ಕಚ್ಚಿದಾಗಲೂ ನಾನು ಇಷ್ಟು ಹೆದರಿರಲಿಲ್ಲ.

ಆಗಸ್ಟ್ ಐದು ಭಾನುವಾರ ಬಂತು. ಪ್ರತಿ ತಿಂಗಳ ಐದಕ್ಕೆ ಬಾಡಿಗೆ ವಸೂಲಿಗೆ ಬರುವವನು ಮಾಲೀಕನ ಗುಮಾಸ್ತ ಮೆಹ್ತಾಜಿ. ಪಾವತಿ ಬರೆದವನು ಕತ್ತು ಚಾಚಿ ಅಡುಗೆಮನೆ ನೋಡಿದ. "ಯೇ ಕ್ಯಾ ಬನಾಯಾ?" ಎಂದ.

ಅಣ್ಣ ಈ ಪ್ರಶ್ನೆಗೆ ತಿಂಗಳಿಂದ ಕಾದಿದ್ದ. ಕಟ್ಟಿಸಿಲ್ಲ, ಬರೀ ತೂಗುಹಾಕಿದ್ದು, ಎತ್ತಿದರೆ ಕೈಗೆ ಬರುತ್ತದೆ ಎಂದು ತನ್ನ ಹಿಂದಿಯಲ್ಲಿ ಹೇಳಿದ. ನಗುತ್ತಲೇ ಒಳಗೆ ಬಂದ. ವೈನಿ ಅಡ್ಡ ಬರುವಷ್ಟರಲ್ಲಿ ಕಪಾಟಿನ ಮುಂದೆ ನಿಂತಿದ್ದ. ಅಣ್ಣ ಎರಡೂ ಕೈ ಕೊಟ್ಟು ಎತ್ತಿದ. ಮತ್ತೆ ಎತ್ತಿದ. ಹೆಗಲು ಕೊಟ್ಟು ನೂಕಿದ. ಒಳಗೆ ಡಬ್ಬಿಗಳು ಗಡಗಡ ಎಂದವು, ಕಪಾಟು ಅಲುಗಲಿಲ್ಲ. ಸಂದಿಗೆ ಬೆರಳಿಟ್ಟು ಗಾರೆ ಮುಟ್ಟಿ ನೋಡಿದ. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ನನಗೆ ಕಾಣಿಸುತ್ತಿತ್ತು. ಮೆಹ್ತಾಜಿ ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋದ.

"ಹುಡುಗಿ ಕೆಳಗ ಮಲಗತಾಳ್ರಿ" ಎಂದಳು ವೈನಿ, ಗೋಡೆಗೆ ಒರಗಿ.

ಬೈಗುಳಕ್ಕೆ ಕಾದೆ. ಅಣ್ಣ ನನ್ನ ಹಾಸಿಗೆಯನ್ನು ನೋಡಿದ, ಹೊರಗೆ ಹೋಗಿ ಗ್ಯಾಲರಿಯಲ್ಲಿ ಕೂತ.

ಹದಿನೈದು ದಿನಕ್ಕೆ ಆಫೀಸಿನಲ್ಲಿ ಅವನ ಮೇಜಿಗೆ ಒಂದು ನೋಟೀಸಿನ ಕರಡು ಬಂತು. ಬಾಡಿಗೆದಾರನ ಹೆಸರಿನ ಜಾಗದಲ್ಲಿ ಅವನದೇ ಹೆಸರು. ಸಾಹೇಬರು ನೋಡದೆ ಕಳಿಸಿದರೋ, ನೋಡಿಯೇ ಕಳಿಸಿದರೋ, ಅಣ್ಣ ಕೊನೆಯವರೆಗೂ ಕೇಳಲಿಲ್ಲ. ಕೇಳಲು ಹೆದರಿದ. ತಪ್ಪಿಲ್ಲದೆ ಟೈಪು ಮಾಡಿ, ಕಾರ್ಬನ್ ಪ್ರತಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಸಂಜೆ ಮನೆಗೆ ಬಂದ. ವೈನಿಯನ್ನು ಕೂರಿಸಿಕೊಂಡು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದ. ಅಡುಗೆಮನೆಯ ಗೋಡೆಯಲ್ಲಿ ಕಾಯಂ ಆಗಿ ಕಟ್ಟಿದ ಕಪಾಟು, ಎಂದು ಬರೆದಿತ್ತು.

"ಕಾಯಂ ಅಂದ್ರ ಏನ್ರಿ?"

"ಯಾರೂ ಕೀಳಾಕ ಬರದದ್ದು."

ವೈನಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗಾದ್ರ ಇಕಿ ಮ್ಯಾಲ ಬೀಳೂದಿಲ್ಲ" ಎಂದಳು. ಸಮಾಧಾನವೇ ಇತ್ತು ಆ ದನಿಯಲ್ಲಿ. ಅಂಥ ಕಾಗದ ಕೈಯಲ್ಲಿರುವಾಗ ಅವಳಿಗೆ ಸಮಾಧಾನ ಹೇಗೆ ಬಂತೋ ನನಗೆ ತಿಳಿಯಲಿಲ್ಲ, ನಾನು ಮಾತ್ರ ಬಿಕ್ಕಿ ಬಿಕ್ಕಿ ಅತ್ತೆ.

ಕೇಸು ಎರಡು ವರ್ಷ ನಡೆದು ಖೋಲಿ ಹೋಯಿತು. ದೂರದ ಮುಲುಂಡಿನಲ್ಲಿ ತಗಡಿನ ಮಾಡಿನ ಒಂದು ಕೋಣೆ ಸಿಕ್ಕಿತು. ಬಿಡುವ ದಿನ ಸಾಮಾನೆಲ್ಲ ಕೆಳಗಿಳಿದ ಮೇಲೆ, ಖಾಲಿ ಅಡುಗೆಮನೆಯಲ್ಲಿ ಕಪಾಟೊಂದೇ ಉಳಿದಿತ್ತು. ಒಡೆಯದೆ ಅದು ಬರುತ್ತಿರಲಿಲ್ಲ. ಒಡೆದರೆ ಗೋಡೆ ಕೆಡಿಸಿದ ಇನ್ನೊಂದು ಕೇಸು. ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು, ಇದ್ದ ಶಕ್ತಿಯೆಲ್ಲ ಹಾಕಿ ಒಂದು ಸಲ ಎಳೆದ. ಅಲುಗಲಿಲ್ಲ.

"ನಿಮ್ಮಪ್ಪ ಭಾಳ ಚಲೋ ಗೌಂಡಿ ಇದ್ದ ನೋಡು" ಎಂದ.

ಎರಡು ವರ್ಷ ಕೋರ್ಟಿನ ಯಾವ ತಾರೀಖಿಗೂ ಅಳದಿದ್ದ ವೈನಿ ಆಗ ಅತ್ತಳು.