ಬನ್ನಿ ಗಿಡದ ಆಚೆಯ ಕಡಲೆ

ನಾನು ಚಿಕ್ಕವಳಿದ್ದಾಗ, ಅಂದರೆ ತಟ್ಟೆಯಲ್ಲಿ ಪಲ್ಯ ಕಂಡರೆ ಮೂಗು ಮುರಿಯುವ ನಿಮ್ಮಷ್ಟೇ ವಯಸ್ಸಿನವಳಿದ್ದಾಗ, ನಮ್ಮ ಮನೆಯಲ್ಲಿ ಮೂಗು ಮುರಿಯುವುದಕ್ಕೆ ಅವಕಾಶವೇ ಇರಲಿಲ್ಲ. ಮಾದನಹಿಪ್ಪರಗಾದ ಹತ್ತಿರದ ಒಂದು ಸಣ್ಣ ಊರು ನಮ್ಮದು. ಬೆಳಿಗ್ಗೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಚಟ್ನಿಗೆ ಶೇಂಗಾ ಹಿಂಡಿ. ಮಧ್ಯಾಹ್ನ ಮತ್ತೆ ರೊಟ್ಟಿ, ತೊಗರಿ ಬೇಳೆ, ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿ ಸೊಪ್ಪು. ಅದನ್ನು ಬೇಯಿಸುತ್ತಲೂ ಇರಲಿಲ್ಲ, ಮಣ್ಣು ಕೊಡವಿ ಹಸಿಯಾಗಿಯೇ ರೊಟ್ಟಿಯೊಳಗೆ ಸುತ್ತಿ ತಿನ್ನುತ್ತಿದ್ದೆವು. ಲಿಂಗ ಕಟ್ಟಿದ ಮನೆ, ಮಾಂಸ ಮೊಟ್ಟೆ ಹೊಸ್ತಿಲು ದಾಟುತ್ತಿರಲಿಲ್ಲ. ಆದರೂ ಅಪ್ಪ ಜೋಳದ ಚೀಲವನ್ನು ಒಬ್ಬನೇ ಎತ್ತಿ ಬಂಡಿಗೆ ಹಾಕುತ್ತಿದ್ದ.

ಮನೆಯಲ್ಲಿ ಇದ್ದವರು ಅಪ್ಪ, ಅಜ್ಜಿ ಮತ್ತು ನಾನು. ಅವ್ವ ನಾನು ಕೂಸಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಅವಳನ್ನು ಅಫಜಲಪುರದ ಕಡೆಯ ಊರಿಗೆ ಕೊಟ್ಟಿದ್ದೆವು. ಆ ವರ್ಷ ಚಳಿಗಾಲಕ್ಕೆ ಅವಳು ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದಳು. ಅವಳು ಬಂದದ್ದೇ ಬಂದದ್ದು, ನಾನು ಅವಳ ಸೆರಗು ಬಿಡಲಿಲ್ಲ. ಬಸುರಿಗೆ ರಕ್ತ ಆಗಬೇಕೆಂದು ಅಜ್ಜಿ ದಿನಾ ನುಗ್ಗೆ ಸೊಪ್ಪು, ಹೆಸರುಕಾಳು ಮಾಡಿ ಉಣ್ಣಿಸುತ್ತಿದ್ದಳು. ಆದರೆ ಅಕ್ಕನಿಗೆ ಉಂಡದ್ದು ಅರಗುತ್ತಿರಲಿಲ್ಲ, ಹೊಟ್ಟೆ ಉಬ್ಬರಿಸುತ್ತಿತ್ತು.

ಅದಕ್ಕೆ ಅಜ್ಜಿಯ ಮದ್ದು ಕಡಲೆ ಹುಳಿ. ನೀವು ಅದನ್ನು ನೋಡಿಲ್ಲ. ಕಡಲೆ ಗಿಡ ಹೂವು ಕಾಯಿ ಹಿಡಿಯುವ ಹೊತ್ತಿಗೆ ಎಲೆಗಳ ಮೇಲೆ ಹುಳಿ ಒಸರುತ್ತದೆ. ನಸುಕಿನಲ್ಲಿ ಇಬ್ಬನಿ ಬಿದ್ದಾಗ ಹಳೆಯ ಧೋತರದ ತುಂಡನ್ನು ಗಿಡಗಳ ಮೇಲೆ ಎಳೆಯುತ್ತಾ ಹೋಗಬೇಕು. ಬಟ್ಟೆ ತೊಯ್ದ ಮೇಲೆ ಅದನ್ನು ಹಿಂಡಿ ಸೀಸೆಗೆ ತುಂಬಬೇಕು. ಹೊಟ್ಟೆ ನೋಯಲಿ, ವಾಂತಿಯಾಗಲಿ, ಒಂದು ಚಮಚ ಹುಳಿಯನ್ನು ನೀರಿಗೆ ಬೆರೆಸಿ ಕುಡಿಸಿದರೆ ಅಜ್ಜಿಯ ಲೆಕ್ಕದಲ್ಲಿ ರೋಗ ಮುಗಿಯಿತು. ಆ ವರ್ಷ ಹಳೆಯ ಸೀಸೆ ಖಾಲಿಯಾಗಿತ್ತು.

ಎಳ್ಳ ಅಮಾವಾಸ್ಯೆಗೆ ನಾಲ್ಕು ದಿನ ಇತ್ತು. ಸಂಜೆ ಅಪ್ಪ ಹೊಲದಿಂದ ಬಂದಾಗ ಅವನ ಬೆನ್ನಿಗೆ ಎರವಲು ತಂದ ಪಂಪು ಇತ್ತು. ಬನ್ನಿ ಗಿಡವಿದ್ದ ಬದು ನಮ್ಮ ಕಡಲೆ ಹೊಲವನ್ನು ಎರಡು ಪಟ್ಟಿ ಮಾಡಿತ್ತು. ಕಡಲೆಗೆ ಕಾಯಿ ಕೊರೆಯುವ ಹುಳ ಬಿದ್ದಿತ್ತು. ಹುಳಕ್ಕೆ ಹೊಡೆಯುವ ವಿಷಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಆಗ ಅದು ನಮ್ಮೂರಿಗೆ ಹೊಸದು. ಅಪ್ಪ ಅದನ್ನು ಬರಿಗೈಯಲ್ಲೇ ಕಲಸಿದ್ದ. ಅಂಗಳದಲ್ಲಿ ಕೂತು ಬೂದಿ ಹಚ್ಚಿ ಹಚ್ಚಿ ತೊಳೆದರೂ ಅವನ ಕೈಯ ನಾತ ಹೋಗಲಿಲ್ಲ.

"ಬನ್ನಿ ಗಿಡದ ಆಚಿ ಎಣ್ಣಿ ಹೊಡದೇನಿ. ಎಂಟ ದಿನ ಅಲ್ಲಿದು ಒಂದ ಎಲಿ ಸುದ್ದಾ ಯಾರೂ ಬಾಯಾಗ ಹಾಕಬ್ಯಾಡ್ರಿ. ಈಚಿಂದು ಮನೀಗಿ ಅಂತ ಬಿಟ್ಟೇನಿ," ಎಂದು ಅಪ್ಪ ಎಲ್ಲರಿಗೂ ಹೇಳಿದ. ನಾನೂ ಕೇಳಿಸಿಕೊಂಡೆ. ಕೇಳಿಸಿಕೊಳ್ಳಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಮರುದಿನ ನಸುಕಿನಲ್ಲಿ ಅಜ್ಜಿ ನನ್ನನ್ನು ಎಬ್ಬಿಸಿ ಸೀಸೆ ಮತ್ತು ಬಟ್ಟೆ ಕೈಗಿಟ್ಟಳು. "ಬಿಸಲ ಏರೂದ್ರಾಗ ಹುಳಿ ತಗೊಂಡ ಬಾ ಯವ್ವ. ಅಕ್ಕಗ ಬೇಕಾಗ್ಯದ," ಎಂದಳು. ಅಕ್ಕನಿಗೆ ಎಂದ ಮೇಲೆ ನನಗೆ ಚಳಿಯೂ ಚಳಿಯಲ್ಲ. ಓಡಿದೆ.

ಈಚೆಯ ಗಿಡಗಳ ಕುಡಿಗಳನ್ನೆಲ್ಲ ನಾವೇ ಪಲ್ಯಕ್ಕೆ ಚಿವುಟಿ ಚಿವುಟಿ ತಿಂದಿದ್ದೆವು. ಗಿಡ ಗಿಡ್ಡ, ಎಲೆ ಕಡಿಮೆ. ಇಡೀ ಪಟ್ಟಿಗೆ ಬಟ್ಟೆ ಎಳೆದು ಹಿಂಡಿದರೆ ಸೀಸೆಯ ತಳ ಮುಚ್ಚುವಷ್ಟೂ ಬರಲಿಲ್ಲ. ಬನ್ನಿ ಗಿಡದ ಆಚೆ ಮಾತ್ರ ಮೊಣಕಾಲೆತ್ತರದ ಗಿಡಗಳು ಇಬ್ಬನಿಯಿಂದ ಬೆಳ್ಳಗೆ ಕಾಣುತ್ತಿದ್ದವು. ಅಪ್ಪ ಎಲೆಯ ಮಾತು ಹೇಳಿದ್ದ, ಇಬ್ಬನಿಯ ಮಾತು ಹೇಳಿರಲಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ತುಂಬಿದ ಸೀಸೆ ಒಯ್ದು ಅಕ್ಕನ ಮುಂದೆ ಇಡಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಬದು ದಾಟಿದ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಆ ಹೊತ್ತಿಗೆ ಕಡಲೆ ಹೊಲದಲ್ಲಿ ಗೊರವಂಕಗಳ ಜಗಳ ಕಿವಿ ತುಂಬುತ್ತದೆ. ಅಂದು ಒಂದೂ ಕೂಗಲಿಲ್ಲ. ಗಿಡಗಳ ಬುಡದಲ್ಲಿ ಹಸಿರು ಹುಳಗಳು ಸುರುಳಿ ಸುತ್ತಿ ಬಿದ್ದಿದ್ದವು. ಇನ್ನೂ ಸ್ವಲ್ಪ ಮುಂದೆ ಒಂದು ಗೊರವಂಕ ನೆಲದ ಮೇಲೆ ಕೂತಿತ್ತು. ನಾನು ಹತ್ತಿರ ಹೋದರೂ ಹಾರಲಿಲ್ಲ. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸದ್ದು ಮಾತ್ರ ಬರುತ್ತಿರಲಿಲ್ಲ. ನಾನು ಅದರ ಬದಿಯಿಂದ ಸುತ್ತಿ ಹೋಗಿ ಬಟ್ಟೆ ಎಳೆದೆ. ಸೀಸೆ ಕಂಠದವರೆಗೆ ತುಂಬಿತು. ಮನೆಗೆ ಬರುವಾಗ ದಾರಿಯಲ್ಲಿ ಯಾವಾಗಲೂ ಮಾಡುವಂತೆ ಬೆರಳು ನೆಕ್ಕಿದೆ. ಹುಳಿಯ ಹಿಂದೆ ಒಂದು ಕಹಿ ಇತ್ತು.

ಅಜ್ಜಿ ಸೀಸೆಯನ್ನು ಮೂಗಿಗೆ ಹಿಡಿದು ನೋಡಿದಳು. ನಶ್ಯ ಏರಿಸಿ ಏರಿಸಿ ಅವಳ ಮೂಗು ಎಂದೋ ಸತ್ತಿತ್ತು. ಭೇಷ್ ಎಂದು ಬೆನ್ನು ತಟ್ಟಿ ಸೀಸೆಯನ್ನು ಗೂಡಿನಲ್ಲಿಟ್ಟಳು.

ರೊಟ್ಟಿಗೆ ಕೂತಾಗ ನನ್ನ ತುಟಿ ಜುಮುಗುಟ್ಟತೊಡಗಿತು. ಬಾಯಿ ತುಂಬ ಜೊಲ್ಲು. ಆಮೇಲೆ ಹೊಟ್ಟೆಯಲ್ಲಿ ಹಿಂಡಿದ ಹಾಗಾಯಿತು, ವಾಂತಿಯಾಯಿತು, ಮತ್ತೆ ಆಯಿತು. ಏನಾಗಿದೆ ಎಂದು ಆ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಹೇಳಲು ಧೈರ್ಯ ಬರಲಿಲ್ಲ. ಹಿಂದಿನ ವರ್ಷ ಎತ್ತು ಬೆಳೆಗೆ ನುಗ್ಗಲು ಬಿಟ್ಟಿದ್ದಕ್ಕೆ ಅಪ್ಪ ಬಾರುಕೋಲಿನಿಂದ ಹೊಡೆದಿದ್ದ. ಅದರ ಗುರುತು ಕಾಲ ಮೇಲೆ ಇನ್ನೂ ಇತ್ತು.

ಅಜ್ಜಿ ಗಾಬರಿಯಾಗಲಿಲ್ಲ. ಅವಳ ಬಳಿ ಮದ್ದಿತ್ತಲ್ಲ. ಗೂಡಿನಿಂದ ಅದೇ ಸೀಸೆ ತೆಗೆದು ಒಂದು ಚಮಚ ಲೋಟದ ನೀರಿಗೆ ಬೆರೆಸಿದಳು. "ಹೊಟ್ಟ್ಯಾಗ ಗಾಳಿ ಸೇರ್ಯದ. ನೀನೇ ತಂದದ್ದದ, ಕುಡಿ. ಈಗ ನಿಲ್ತದ," ಎಂದು ಲೋಟ ತಂದು ತುಟಿಗೆ ಹಿಡಿದಳು. ನಾನು ಹಲ್ಲು ಕಚ್ಚಿ ಮುಖ ತಿರುಗಿಸಿದೆ. ಗದ್ದ ಹಿಡಿದು ಬಾಯಿ ಬಿಡಿಸಲು ನೋಡಿದಳು. ನಾನು ಬಾಯಿ ಬಿಡಲಿಲ್ಲ, ಕುಡಿಯಲಿಕ್ಕೂ ಇಲ್ಲ, ಹೇಳಲಿಕ್ಕೂ ಇಲ್ಲ.

ಆಗ ಅಕ್ಕ ಗೋಡೆ ಹಿಡಿದುಕೊಂಡು ಮೆಲ್ಲಗೆ ಎದ್ದು ಬಂದಳು. ಅಜ್ಜಿಯ ಕೈಯಿಂದ ಲೋಟ ತೆಗೆದುಕೊಂಡು ನನ್ನ ಪಕ್ಕ ಕೂತಳು.

"ಎಷ್ಟ ಹಟಾ ಮಾಡ್ತಿ ಬೇ. ಹುಳಿ ಅಂದ್ರ ಜೀವಾ ಬಿಡೋಕಿ ನೀ. ನೋಡಿಲ್ಲಿ, ಮೊದಲ ನಾ ಕುಡೀತೇನಿ, ಆಮ್ಯಾಲ ನೀ ಕುಡಿ. ನನಗೂ ಬೇಕೇ ಅದ."

ಚಿಕ್ಕಂದಿನಿಂದ ಅವಳು ನನಗೆ ಕಷಾಯ ಕುಡಿಸುತ್ತಿದ್ದದ್ದು ಹೀಗೆಯೇ. ಒಂದು ಗುಟುಕು ತನಗೆ, ಒಂದು ನನಗೆ. ಅವಳು ನಗುತ್ತಾ ಲೋಟ ಎತ್ತಿದಳು. ನಾನು ಇದ್ದ ಶಕ್ತಿಯೆಲ್ಲ ಹಾಕಿ ಅದನ್ನು ಹೊಡೆದೆ. ಲೋಟ ಗೋಡೆಗೆ ಬಡಿದು ಉರುಳಿತು.

"ಆಚಿಂದು ಅಕ್ಕಾ. ಬನ್ನಿ ಗಿಡದ ಆಚಿಂದದು," ಎಂದೆ.

ಅಕ್ಕನ ಕೆಳತುಟಿ ಒದ್ದೆಯಾಗಿತ್ತು. ಅಜ್ಜಿ ಸೆರಗಿನಿಂದ ಅದನ್ನು ಉಜ್ಜಿದಳು, ನೀರಿನಿಂದ ತೊಳೆದಳು, ಮತ್ತೆ ಉಜ್ಜಿದಳು. ನುಂಗಿದೆಯಾ ಎಂದು ಕೇಳಿದರೆ ಅಕ್ಕ ಇಲ್ಲ ಎಂದಳು. ಆಮೇಲೆ ಗೊತ್ತಿಲ್ಲ ಎಂದಳು.

ಅಜ್ಜಿ ಕೂಗಿದ್ದಕ್ಕೆ ಅಪ್ಪ ಓಡಿ ಬಂದು ನಮ್ಮಿಬ್ಬರನ್ನೂ ಬಂಡಿಯಲ್ಲಿ ರಸ್ತೆಗೆ ತಂದು ಆಳಂದದ ಬಸ್ಸು ಹತ್ತಿಸಿದ. ಅಲ್ಲಿ ದವಾಖಾನೆಯ ಡಾಕ್ಟರು ನನಗೆ ಸೂಜಿ ಚುಚ್ಚಿದರು. ಅಕ್ಕನ ಕಣ್ಣು, ನಾಡಿ ನೋಡಿ, "ಹೊಟ್ಟ್ಯಾಗಿನ ಕೂಸು ಅಲಗಾಡ್ಲಾಕತ್ತದೇನವ್ವ?" ಎಂದು ಕೇಳಿದರು. ಬೆಳಗಿನಿಂದ ಅಲುಗಾಡಿದ ನೆನಪು ಅವಳಿಗಿರಲಿಲ್ಲ. ಕೂತು ಕಾಯಿರಿ ಎಂದರು. ಕಾಯ್ದೆವು. ಅಕ್ಕ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಅಪ್ಪ ಅಂಗಳದ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ. ಬಂದು ಕೂರುತ್ತಿದ್ದ, ಅಂಗೈ ಮೂಸಿ ನೋಡುತ್ತಿದ್ದ, ಮತ್ತೆ ಎದ್ದು ಹೋಗುತ್ತಿದ್ದ. ಬಿಸಿಲು ನೆತ್ತಿಗೆ ಬಂದು ಇಳಿಯಿತು. ಅಂಥ ಉದ್ದನೆಯ ಹಗಲನ್ನು ನಾನು ಮತ್ತೆ ಕಂಡಿಲ್ಲ. ಕೊನೆಗೆ ಅಕ್ಕ ನನ್ನ ಕೈ ಎಳೆದು ತನ್ನ ಹೊಟ್ಟೆಯ ಮೇಲೆ ಒತ್ತಿಕೊಂಡಳು. ಒಳಗಿನಿಂದ ಕೂಸು ಒದೆಯಿತು. ಇಬ್ಬರೂ ಅತ್ತೆವು.

ಅಪ್ಪ ನನಗೆ ಹೊಡೆಯಲಿಲ್ಲ. ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ನಿಮಗೆ ಎಂದೋ ಹೇಳುತ್ತಿದ್ದೆ.

ಎರಡು ದಿನ ಬಿಟ್ಟು ಡಾಕ್ಟರಿಗೆ ಮತ್ತೆ ತೋರಿಸಬೇಕಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. ಅದರ ಮರುದಿನವೇ ಎಳ್ಳ ಅಮಾವಾಸ್ಯೆ. ಅಂದು ನಮ್ಮ ಸೀಮೆಯಲ್ಲಿ ಎಲ್ಲರೂ ಹೊಲಕ್ಕೆ ಹೋಗಿ ಊಟ ಮಾಡುತ್ತಾರೆ. ಸಜ್ಜೆ ರೊಟ್ಟಿಯ ಜೊತೆ ಭಜ್ಜಿ ಬೇಕೇ ಬೇಕು. ಹಸಿ ಕಡಲೆ, ಅವರೆ, ತೊಗರಿ, ಬದನೆ, ಗಜ್ಜರಿ, ಮೆಂತ್ಯ, ಕೈಗೆ ಸಿಕ್ಕ ಸೊಪ್ಪು ಎಲ್ಲ ಸೇರಿಸಿ ಹುಣಸೆ ಹುಳಿಯಲ್ಲಿ ಕುದಿಸುವುದು. ಹಿಂದಿನ ದಿನ ಆಳಂದದ ಬಜಾರಿನಲ್ಲಿ ಹಸಿ ಕಡಲೆ ತಂದಷ್ಟೂ ಖರ್ಚಾಗುತ್ತದೆ. ಅಪ್ಪ ಬಂಡಿ ತುಂಬ ಕಡಲೆ ಗಿಡದ ಕಟ್ಟುಗಳನ್ನು ಹೇರಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಅವು ಮೊಣಕಾಲೆತ್ತರದ ಗಿಡಗಳು.

"ಅಪ್ಪಾ, ಎಂಟ ದಿನ ಆಗಿಲ್ಲ," ಎಂದೆ.

"ಬಿಸಲಿಗಿ ಎಲ್ಲಾ ಹೋಗಿರ್ತದ. ಸುಮ್ಮ ಕುಂದ್ರು," ಎಂದ. ನನ್ನ ಮುಖ ನೋಡಲಿಲ್ಲ.

ಬಜಾರಿನಲ್ಲಿ ಒಬ್ಬ ಹೆಂಗಸು ಬಂದಳು, ಕಂಕುಳಲ್ಲಿ ಒಂದು ಮಗು. ಕಟ್ಟು ಎತ್ತಿ ನೋಡಿ, "ಎಣ್ಣಿ ಗಿಣ್ಣಿ ಹೊಡದೀರೇನ್ರಿ ಅಣ್ಣಾ?" ಎಂದಳು. ಇಲ್ಲ, ಮನೆಗೆಂದು ಬೆಳೆದದ್ದು ಎಂದ ಅಪ್ಪ. ಅವಳು ನನ್ನ ಕಡೆ ತಿರುಗಿ, "ಖರೇನಾ ತಂಗಿ?" ಎಂದು ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಅಲ್ಲೇ ಒಂದು ಕಾಯಿ ಬಿಡಿಸಿ ಹಸಿರು ಕಾಳನ್ನು ಮಗುವಿನ ಬಾಯಿಗೆ ಹಾಕಿದಳು. ಮಗು ಅಗಿಯುತ್ತಾ ನನ್ನನ್ನು ನೋಡಿ ನಕ್ಕಿತು.

ಆ ಮಗುವಿಗೆ ಏನೂ ಆಗಿರಲಿಕ್ಕಿಲ್ಲ. ನಾಲ್ಕನೆಯ ದಿನದ ಬಿಸಿಲಿಗೆ ವಿಷ ಇಳಿದಿರಬಹುದು, ಅವರು ತೊಳೆದು ಕುದಿಸಿರಬಹುದು. ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ಅಕ್ಕನ ಕೈಯ ಲೋಟವನ್ನು ಹೊಡೆದು ಬೀಳಿಸಿದವಳು ಅಲ್ಲಿ ಕೈ ಕಟ್ಟಿಕೊಂಡು ಕೂತಿದ್ದೆ. ಇದನ್ನು ನಾನು ಅಕ್ಕನಿಗೂ ಹೇಳಿಲ್ಲ.

ನಿಮ್ಮ ಶಾಲೆಯಲ್ಲಿ ಸೊಪ್ಪಿನಲ್ಲಿ ಕಬ್ಬಿಣದಂಶ, ಕಾಳಿನಲ್ಲಿ ಪ್ರೋಟೀನು ಎಂದು ಕಲಿಸುತ್ತಾರೆ. ಅದು ನಿಜ. ಕಾಳು, ಸೊಪ್ಪು, ರೊಟ್ಟಿಗಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ, ಮೂಗು ಮುರಿಯದೆ ತಿನ್ನಿರಿ. ನಿಮ್ಮಮ್ಮ ಅದನ್ನು ಉಪ್ಪು ನೀರಿನಲ್ಲಿ ನೆನೆಹಾಕಿ ಮೂರು ಸಲ ತೊಳೆಯುತ್ತಾಳೆ, ಅದೂ ಒಳ್ಳೆಯದೇ. ಆದರೆ ನಮಗೆ ನಮ್ಮ ಹೊಲದ ಯಾವ ಪಟ್ಟಿ ಮನೆಗೆ, ಯಾವುದು ಬಜಾರಿಗೆ ಎಂದು ತಿಳಿದಿತ್ತು. ಕಲಬುರಗಿಯ ಈ ಮನೆಗೆ ಬರುವುದೆಲ್ಲ ಬಜಾರಿನದೇ. ತಳ್ಳುಗಾಡಿಯವನು ಸೊಪ್ಪು ಕೊಡುವಾಗ ನಾನು ಯಾವ ಹೊಲದ್ದು, ಏನು ಹೊಡೆದಿದ್ದೀರಿ ಎಂದು ಕೇಳುತ್ತಾ ನಿಲ್ಲುತ್ತೇನೆ, ನೀವು ನಾಚಿಕೊಂಡು ನನ್ನ ಸೆರಗು ಎಳೆಯುತ್ತೀರಿ. ಅವನು ಏನೂ ಹೊಡೆದಿಲ್ಲ ಎಂದು ತಲೆಯಾಡಿಸುತ್ತಾನೆ. ನಾನು ಕೊಂಡು ತಂದು, ಬೇಯಿಸಿ, ನಿಮಗೆ ಬಡಿಸುತ್ತೇನೆ. ನೀವು ಬಾಯಿ ತೆರೆದಾಗ ಆ ಹೆಂಗಸಿನ ಕಂಕುಳಲ್ಲಿದ್ದ ಮಗು ನನಗೆ ಕಾಣುತ್ತದೆ.