ಬೇರೆಯವನ ತೋಳು

ಕೊರೊನಾ ಮುಗಿದ ಮರುವರ್ಷ ನಾನು ಹೊಸಪೇಟೆಯ ಹೆರಿಗೆ ಆಸ್ಪತ್ರೆಯೊಂದರ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಬಸುರಿಯರ ರಕ್ತದಲ್ಲಿ ಥಲಸ್ಸೀಮಿಯಾ ಎಂಬ, ಹೆತ್ತವರಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆಯ ಅಂಶವಿದೆಯೇ ಎಂದು ಪರೀಕ್ಷಿಸುವುದೂ ನಮ್ಮ ಕೆಲಸ. ಅಂಶ ತಾಯಿಯಲ್ಲಿ ಮಾತ್ರ ಇದ್ದರೆ ಮಗುವಿಗೆ ಆ ಕಾಯಿಲೆಯ ಭಯವಿಲ್ಲ. ತಂದೆಯಲ್ಲೂ ಇದ್ದರೆ ನಾಲ್ಕರಲ್ಲೊಂದು ಪಾಲು ಅಪಾಯ. ಕಾಯಿಲೆ ಬಂದ ಕೂಸಿಗೆ ಜೀವಮಾನವಿಡೀ ರಕ್ತ ಹಾಕಿಸುತ್ತಿರಬೇಕು.

ಕಂಪ್ಲಿಯ ಶಿಲ್ಪಾಳಲ್ಲಿ ಅಂಶ ಸಿಕ್ಕಿತು. ಚೊಚ್ಚಲ ಬಸುರಿ, ಅಳುತ್ತಾ ನಿಂತಳು. "ಗಂಡನ ರಕ್ತ ನೋಡೂತನಕ ಅಳಬ್ಯಾಡವ್ವಾ" ಎಂದೆ. ಗಂಡ ಹನುಮೇಶ ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಶಿಫ್ಟ್ ಮುಗಿಸಿ ಒಬ್ಬನೇ ಬಂದು ರಕ್ತ ಕೊಟ್ಟುಹೋದ. ನನಗೆ ಮುಖ ಮರೆತೀತು, ತೋಳು ಮರೆಯದು: ಮೊಣಕೈ ಕೆಳಗೆ ಸುಟ್ಟ ಕಲೆ, ದಪ್ಪ ನರ. ರಿಪೋರ್ಟ್ ನಾರ್ಮಲ್ ಬಂತು. ಮುಂದಿನ ಪರೀಕ್ಷೆ ಬೇಡವೆಂದರು ಡಾಕ್ಟರು.

ತಿಂಗಳ ನಂತರ ಸ್ಕ್ಯಾನಿಂಗ್‌ಗೆ ಬಂದ ಶಿಲ್ಪಾ ಸೊರಗಿಹೋಗಿದ್ದಳು. "ನನ್ನ ಮಗನ ರಕ್ತ ಬಂಗಾರ, ನಿಂದ ಕೆಟ್ಟದ್ದು ಅಂತ ಅತ್ತಿ ದಿನಾ ಅಂತಾಳ್ರಿ ಮೇಡಂ. ಇವರು ಕೇಳ್ಕೊಂತ ಸುಮ್ನ ಉಣ್ತಾರ."

ಪಕ್ಕದಲ್ಲಿ ಕೂತಿದ್ದ ಗಂಡ ಅರ್ಧ ತೋಳಿನ ಅಂಗಿ ತೊಟ್ಟಿದ್ದ. ಎರಡೂ ಕೈಯಲ್ಲಿ ಕಲೆಯಿಲ್ಲ. ನನ್ನ ಮೈ ಉರಿಯಿತು.

"ಏ ತಮ್ಮಾ, ಅವತ್ತು ರಕ್ತ ಕೊಟ್ಟಾಂವ ಯಾರು? ನೀ ಅಲ್ಲ!"

ಅವನು ನೆಲ ನೋಡಿದ. "ನನ್ನ ಬದ್ಲಿ ಆಳು ರೀ. ನಾ ಹೋಗದ ದಿನ ಶಿಫ್ಟಿಗೂ ಅವನ್ನ ಕಳಸ್ತೀನಿ."

ರಜೆ ಸಿಗಲಿಲ್ಲವೇನೋ ಎಂದುಕೊಂಡೆ. ಅದಲ್ಲ. ಅವನ ಅಕ್ಕನ ಮಗು ಇದೇ ಕಾಯಿಲೆಯಿಂದ ತೀರಿಕೊಂಡಿತ್ತು. "ನನ್ನಾಗೂ ಇರ್ತೈತಿ ಅಂತ ಅನಸಿತ್ರಿ. ಮಂದ್ಯಾಗ ಮರ್ಯಾದಿ ಹೋಗ್ತೈತಿ ಅಂತ..."

ಅಯ್ಯೋ, ನಂಬಿದವಳ ಕುತ್ತಿಗೆ ಕೊಯ್ಯುವುದೆಂದರೆ ಇದೇ! ಅಲ್ಲೇ ಕೂರಿಸಿ ಅವನ ರಕ್ತ ತೆಗೆದೆ. ಅಂಶ ಅವನಲ್ಲೂ ಇತ್ತು. ಡಾಕ್ಟರು ಶಿಲ್ಪಾಳ ಹೊಟ್ಟೆಗೆ ಸೂಜಿ ಹಾಕಿ, ಮಗುವಿನ ಸುತ್ತಲಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವ ತನಕ ಅವಳು ಹೊಟ್ಟೆಯ ಮೇಲೆ ಕೈಯಿಡಲೂ ಹೆದರಿದಳಂತೆ. ಕೊನೆಗೆ ಕೂಸಿಗೆ ಕಾಯಿಲೆಯಿಲ್ಲ ಎಂದು ಗೊತ್ತಾಯಿತು.

ಹನುಮೇಶ ಪೇಡೆ ತಂದ. "ನೋಡು, ಏನೂ ಆಗಲಿಲ್ಲಲ್ಲ" ಎಂದು ಹೆಂಡತಿಯ ಕೈಗೆ ಒಂದು ಕೊಟ್ಟ.

ಅವಳು ಅದನ್ನು ಡಬ್ಬಿಗೇ ಹಾಕಿದಳು. "ಕೂಸಿಗೆ ಏನೂ ಆಗಿಲ್ಲ. ನನಗ ಆಗೇತಿ."

ಅಂದಿನಿಂದ ನಾನು ಗಂಡ ಹೆಂಡತಿಯನ್ನು ಒಂದೇ ಬೆಂಚಿನ ಮೇಲೆ ಕೂರಿಸಿಕೊಂಡೇ ರಕ್ತ ತೆಗೆಯುತ್ತೇನೆ. ಸೂಜಿ ಹಿಡಿಯುವ ಮುಂಚೆ, "ಇವರು ನಿನ್ನ ಗಂಡನೇ ಹೌದಾ?" ಎಂದು ಅವಳನ್ನು ಕೇಳುತ್ತೇನೆ. ಗಂಡಸರಿಗೆ ಸಿಟ್ಟು ಬರುತ್ತದೆ. ಬರಲಿ.