ಸಲಕರಣೆ ಎಣಿಸುವ ಹೊತ್ತು

ರೇಡಿಯೋ ನಾಟಕದ ಪ್ರತಿಯನ್ನು ಓದಿ ಮುಗಿಸುವಷ್ಟರಲ್ಲಿ ನಾನು ಕೆಂಪು ಪೆನ್ನಿನಿಂದ ಹನ್ನೊಂದು ಕಡೆ ಗೆರೆ ಎಳೆದಿದ್ದೆ.

ಎಪ್ಪತ್ತೊಂದರ ಯುದ್ಧದ ಕಾಲಕ್ಕೆ ಬೆಂಗಳೂರಿನ ವಿಮಾನ ಕಾರ್ಖಾನೆಯೊಂದರಲ್ಲಿ ವೈರಿಂಗ್ ಕೆಲಸದಲ್ಲಿದ್ದವಳು ನಾನು. ಈಗ ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿನ ಊರ ರೇಡಿಯೋದವರು ತಿಂಗಳಿಗೊಂದು ಭಾನುವಾರ ಕನ್ನಡಕ್ಕೆ ಒಂದು ಗಂಟೆ ಕೊಡುತ್ತಾರೆ. ಅದನ್ನು ನಡೆಸುವವಳು ವೂರ್‌ಬರ್ಗ್‌ನಿಂದ ರೈಲಿನಲ್ಲಿ ಬರುವ ಮಂಗಳೂರಿನ ಹುಡುಗಿ. ವಿಮಾನ ಕಾರ್ಖಾನೆಯ ಹೆಂಗಸರ ಬಗ್ಗೆ ನಾಟಕ ಮಾಡುತ್ತೇನೆ, ನೆನಪುಗಳನ್ನು ಬರೆದುಕೊಡಿ, ನೀವೂ ದನಿ ಕೊಡಿ ಎಂದಳು. ನಾಲ್ಕು ಪುಟ ಬರೆದುಕೊಟ್ಟೆ. ಅವಳ ನಾಟಕದಲ್ಲಿ ನಾವು ಒಕ್ಕೊರಲಿನಿಂದ ಹಾಡುತ್ತಾ ರೆಕ್ಕೆಗೆ ಸುತ್ತಿಗೆ ಬಡಿಯುತ್ತಿದ್ದೆವು. ದೃಶ್ಯಕ್ಕೊಬ್ಬಳು ಗಡಿಯಿಂದ ಬಂದ ಪತ್ರ ಓದಿ ಅಳುತ್ತಿದ್ದಳು.

ಹಾಡುವುದಿರಲಿ, ಪಿಸುಗುಟ್ಟಿದರೂ ಮೇಲ್ವಿಚಾರಕರು ಬಂದು ಬೆನ್ನ ಹಿಂದೆ ನಿಲ್ಲುತ್ತಿದ್ದರು. ಪತ್ರವನ್ನು ಊಟದ ಬಿಡುವಿನಲ್ಲಿ ಓದಬೇಕಿತ್ತು. ಅಳುವಷ್ಟು ಬಿಡುವು ಇರಲಿಲ್ಲ.

ಅದನ್ನೆಲ್ಲ ಸಹಿಸಿಕೊಳ್ಳುತ್ತಿದ್ದೆ. ಆದರೆ ಮುಖ್ಯ ಸಂಗತಿಯನ್ನೇ ಅವಳು ತೆಗೆದುಹಾಕಿದ್ದಳು. ಪಾಳಿ ಮುಗಿದಾಗ ಎಲ್ಲ ಸಲಕರಣೆಗಳನ್ನೂ ಎಣಿಸಿ ಹಲಗೆಗೆ ತೂಗುಹಾಕಬೇಕಿತ್ತು. ಹಲಗೆಯ ಮೇಲೆ ಒಂದೊಂದರ ಆಕಾರವನ್ನೂ ಬಣ್ಣದಲ್ಲಿ ಬರೆದಿದ್ದರು. ಒಂದು ಜಾಗ ಖಾಲಿಯಿದ್ದರೂ ಯಾರೂ ಮನೆಗೆ ಹೋಗುವಂತಿರಲಿಲ್ಲ. ಕಳೆದುಹೋದದ್ದು ವಿಮಾನದೊಳಗೆ ಉಳಿದರೆ ಹಾರಿಸುವವನ ಪ್ರಾಣಕ್ಕೇ ಕುತ್ತು. ಒಂದು ಸಂಜೆ ಒಬ್ಬ ಹುಡುಗಿಯ ಪುಟ್ಟ ಸ್ಕ್ರೂಡ್ರೈವರ್ ಕಾಣೆಯಾಯಿತು. ಎರಡು ಗಂಟೆ ಹುಡುಕಿದೆವು. ಕಾರ್ಖಾನೆಯ ಬಸ್ಸು ಹೋಯಿತು. ಕೊನೆಗೆ ಅದು ಸಿಕ್ಕಿದ್ದು ಅವಳ ತುರುಬಿನಲ್ಲೇ.

“ಎಣಿಸೋ ಸೀನ್ ಇಲ್ದಿದ್ರೆ ನನ್ನ ದನೀನೂ ಇಲ್ಲ,” ಎಂದು ರೇಡಿಯೋ ಹುಡುಗಿಗೆ ಹೇಳಿದೆ.

“ಒಂದು, ಎರಡು, ಮೂರು ಅಂತ ಹೇಳಿದ್ರೆ ಯಾರು ಕೇಳ್ತಾರೆ ಮಾರಾಯ್ರೆ? ಬೋರ್ ಆಗ್ತದೆ ಆಂಟಿ.”

“ನಮಗೂ ಬೋರೇ ಆಗ್ತಿತ್ತು. ಆದ್ರೂ ಎಣಿಸ್ತಿದ್ವಿ.”

“ಆ ತುರುಬಿನ ಹುಡುಗಿ ಬೇಕಾದ್ರೆ ಇರ್ಲಿ. ಅವಳ ಹೆಸರೆಂತ?”

“ಮರ್ತುಹೋಗಿದೆ.”

ಶನಿವಾರ ಸ್ಟುಡಿಯೋಗೆ ಬಂದು ಓದಿ ತೋರಿಸಿ, ಕೇಳುವಂತಿದ್ದರೆ ಇಡುತ್ತೇನೆ, ಇಲ್ಲದಿದ್ದರೆ ಹಾಡೇ ಸರಿ ಎಂದಳು. ಮೂರು ಗಂಟೆಗೆ ಬರಲು ಹೇಳಿದ್ದಳು, ನಾನು ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಹೋಗಿ ಕೂತೆ. ಧ್ವನಿಯ ಕೆಲಸಕ್ಕೆ ಒಬ್ಬ ಡಚ್ ಮುದುಕ ಇದ್ದ. ಆರು ಸಣ್ಣ ಸ್ಕ್ರೂಡ್ರೈವರ್‌ಗಳ ಪೆಟ್ಟಿಗೆಯನ್ನು ಅವನೇ ತಂದಿದ್ದ. ತಿರುಪು ಬಿಗಿಯುವ ಸದ್ದನ್ನು ಅವನು ಮರ ಕೊರೆದಂತೆ ಮಾಡುತ್ತಿದ್ದುದರಿಂದ, ಒಂದನ್ನು ಕಸಿದುಕೊಂಡು ನಾನೇ ಮಾಡಿ ತೋರಿಸಿದೆ. ಆಮೇಲೆ ದೃಶ್ಯ ಓದಿದೆ. ನಿಜ ಹೇಳಬೇಕೆಂದರೆ ನನಗೇ ಆಕಳಿಕೆ ಬಂತು.

“ಹಾಡೇ ಇರ್ಲಿ ಅಲ್ವಾ ಆಂಟಿ?” ಎಂದು ಹುಡುಗಿ ಚೀಲ ಹೆಗಲಿಗೇರಿಸಿದಳು. ಅವಳ ರೈಲಿಗೆ ಹೊತ್ತಾಗಿತ್ತು.

ಸೋತೆ ಅಂದುಕೊಂಡು ಏಳುವಾಗ ಪೆಟ್ಟಿಗೆ ಕಣ್ಣಿಗೆ ಬಿತ್ತು. ಒಳಗೆ ಐದೇ ಇದ್ದವು. ಹೋಗಿ ಬಾಗಿಲಿಗೆ ಅಡ್ಡ ನಿಂತೆ.

“ಒಂದು ಕಮ್ಮಿ ಇದೆ. ಯಾರೂ ಹೊರಗೆ ಹೋಗೋ ಹಾಗಿಲ್ಲ.”

“ಆಂಟಿ, ಇದು ಸ್ಟುಡಿಯೋ, ಏರೋಪ್ಲೇನ್ ಅಲ್ಲ! ನನ್ನ ಟ್ರೈನ್ ಹೋಗ್ತದೆ!”

“ನಮ್ಮ ಬಸ್ಸೂ ಹೋಗಿತ್ತು. ಚೀಲ ಬಿಚ್ಚಿ ತೋರ್ಸು.”

ಬೈದುಕೊಳ್ಳುತ್ತಲೇ ಅವಳು ಚೀಲವನ್ನು ಮೇಜಿನ ಮೇಲೆ ಸುರಿದಳು: ಬೀಗದ ಕೈ, ಅರ್ಧ ಚಕ್ಕುಲಿ, ಒಂಟಿ ಕಾಲುಚೀಲ. ಮುದುಕ ಹೊಸತು ಕೊಳ್ಳುತ್ತೇನೆ ಬಿಡಿ ಎಂದ, ನಾನು ಬಿಡಲಿಲ್ಲ. ಪಾಪ, ಮಂಡಿಯೂರಿ ಮೇಜಿನ ಕೆಳಗೆಲ್ಲ ತಡಕಾಡಿದ. ಎದ್ದು ನನ್ನ ಪಕ್ಕ ಬಂದವನು ಅಲ್ಲೇ ನಿಂತು ಕೆಮ್ಮಿದ.

“ಮೆವ್ರೌ,” ಎಂದು ಮರ್ಯಾದೆಯಿಂದ ಕರೆದು ನನ್ನ ತಲೆಯತ್ತ ಬೆರಳು ತೋರಿಸಿದ.

ಕೈ ಹಿಂದೆ ಹೋಯಿತು. ತುರುಬಿನಲ್ಲಿ ತಣ್ಣನೆಯ ಲೋಹ ಸಿಕ್ಕಿತು.

ಹುಡುಗಿ ನೆಲದ ಮೇಲೆಯೇ ಕೂತು ನಕ್ಕಳು. “ಆಂಟಿ, ಆ ಹುಡುಗಿಯ ಹೆಸರು ಈಗ ನೆನಪಾಯ್ತಾ?”

ಉತ್ತರಕ್ಕೆ ಬಾಯಿ ತೆರೆದಾಗಲೇ ಮೈಕಿನ ಮೇಲಿನ ಕೆಂಪು ದೀಪ ಉರಿಯುತ್ತಿರುವುದನ್ನು ಕಂಡದ್ದು. ಮುದುಕ ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದ.

ಭಾನುವಾರ ನಾಟಕದ ಕೊನೆಗೆ ಹಾಡು ಬರಲಿಲ್ಲ. ಬಂದದ್ದು ನನ್ನ ಎಣಿಕೆ. ಅದರ ಬೆನ್ನಿಗೇ ಚೀಲ ಸುರಿದ ಸದ್ದು, ಕೆಮ್ಮು, ಹುಡುಗಿಯ ನಗು, ಅವಳ ಪ್ರಶ್ನೆ, ಎಲ್ಲವೂ. ಆಮೇಲೆ ಮತ್ತೆ ಎಣಿಕೆ. ಮಗಳು ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು.

“ಅಮ್ಮಾ, ಕತ್ತರಿ ಜಾಗದಲ್ಲಿ ಇಟ್ಟಿಲ್ಲ ಅಂತ ನನ್ನ ಎಷ್ಟು ವರ್ಷ ಬೈದಿದೀಯಾ ನೀನು?”

“ಸುಮ್ನಿರೇ,” ಎಂದೆ. “ಎಣಿಸ್ತಿದಾರೆ, ಕೇಳು.”